ಗಾಡಿ ಕಳಿಸಬೇಕೇ?

ಫೆಬ್ರವರಿ ೩, ಸೋಮವಾರ

ಹದಿನಾಲ್ಕು ವರ್ಷದಿಂದ ಪೊಲೀಸ್ ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತುತ್ತಿದ್ದೇನೆ. ಅಲ್ಲಿ ಕೇಳಿದ್ದನ್ನು ಹೊರಗೆ ಆಡುವುದಿಲ್ಲ ಎಂದು ಸೇರಿದ ದಿನವೇ ರುಜು ಹಾಕಿಸಿಕೊಂಡಿದ್ದಾರೆ. ಬರೆಯುವುದಿಲ್ಲ ಎಂದು ಹಾಕಿಸಿಕೊಂಡಿಲ್ಲ. ಅದಕ್ಕೇ ಈ ನೋಟ್‌ಬುಕ್ಕು. ಬೀರುವಿನಲ್ಲಿ ಹಳೇ ಸ್ವೆಟರುಗಳ ಅಡಿಯಲ್ಲಿ ಇದರ ವಾಸ.

ಇವತ್ತು ಹೊಸ ನಿಯಮ ಓದಿ ಹೇಳಿದರು. ನಗರಸಭೆ ಪೊಲೀಸರಿಗೆ ಕೊಡುತ್ತಿದ್ದ ದುಡ್ಡನ್ನು ಅರ್ಧಕ್ಕೆ ಇಳಿಸಿದೆಯಂತೆ. ಮಿಕ್ಕಿದ್ದನ್ನು ಜನರೇ ಹೊರಬೇಕು. ಮನೆ ತೆರಿಗೆಯ ಜೊತೆಗೆ ವರ್ಷಕ್ಕೊಮ್ಮೆ ಸುರಕ್ಷಾ ಶುಲ್ಕ. ಬಂಗಲೆಗೂ ಅಷ್ಟೇ, ಒಂಟಿ ಕೋಣೆಗೂ ಅಷ್ಟೇ. ಅದನ್ನು ಕಟ್ಟಿದವರಿಗೆ ವರ್ಷದಲ್ಲಿ ಎರಡು ಸಲ ಪೊಲೀಸ್ ಗಾಡಿ ಪುಕ್ಕಟೆ. ಮೂರನೇ ಸಲದಿಂದ ಗಾಡಿ ಬಾಗಿಲಿಗೆ ಬಂದರೆ ಮನೆ ಮಾಲೀಕರ ಹೆಸರಿಗೆ ಬಿಲ್ಲು. ಲೆಕ್ಕ ಜನವರಿಯಿಂದಲೇ ಹಿಡಿಯುತ್ತಾರಂತೆ.

ನಮ್ಮ ಮೇಲ್ವಿಚಾರಕರು ಏನೇ ಕಾಗದ ಕೊಟ್ಟರೂ ಅಡಿಗೆರೆ ಎಳೆದೇ ಕೊಡುವುದರಿಂದ ನಾವು ಅವರಿಗೆ ಅಡಿಗೆರೆ ಎಂದೇ ಹೆಸರಿಟ್ಟಿದ್ದೇವೆ. ಇವತ್ತು ಎಲ್ಲರಿಗೂ ಒಂದೊಂದು ಚೀಟಿ ಹಂಚಿದರು. ಎರಡು ಗಾಡಿ ಮುಗಿಸಿದ ಮನೆಯಿಂದ ಕರೆ ಬಂದರೆ ನಮ್ಮ ಪರದೆಯ ಮೇಲೆ ಕೆಂಪು ಚುಕ್ಕೆ ಕಾಣುತ್ತದೆ. ಆಗ ಬೇರೆ ಮಾತಿಗಿಂತ ಮೊದಲು ಹೇಳಬೇಕಾದದ್ದು: "ಈ ಕರೆಗೆ ನಿಮ್ಮ ಮನೆಯ ಮೇಲೆ ಶುಲ್ಕ ಬೀಳುತ್ತದೆ. ಗಾಡಿ ಕಳಿಸಬೇಕೇ?" ಅವರು ಹೂಂ ಅಂದರೆ ಮಾತ್ರ ಮುಂದಿನದು.

"ಉಸಿರು ಕಟ್ಟಿಕೊಂಡು ಮಾತಾಡೋರ ಹತ್ರ ಇದನ್ನ ಹೇಗೆ ಸರ್ ಹೇಳೋದು?" ಎಂದೆ.

"ಬಾಯಲ್ಲಿ," ಎಂದರು ಅಡಿಗೆರೆ.

ಎಲ್ಲರೂ ನಕ್ಕರು. ನಾನು ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಕುಂಟು ಕಾಲಿನ ಕೆಳಗೆ ತುರುಕಿದೆ. ಮೇಜು ಈಗ ಅಲುಗಾಡುವುದಿಲ್ಲ. ಅಷ್ಟಕ್ಕಾದರೂ ಬಂತು.

ನಿಯಮದ ಸುದ್ದಿ ಪೇಪರಿನಲ್ಲೂ ಬಂದಿತ್ತು, ಹಾಗಾಗಿ ಮನೆಯಲ್ಲಿ ಮಾತಾಡಬಹುದಿತ್ತು. ಇವರಿಗೆ ಅದು ಸರಿ ಕಂಡಿತು. "ನಾನು ನಲ್ಲಿ ರಿಪೇರಿಗೆ ಹೋದ್ರೆ ಬಿಲ್ ಕೊಡಲ್ವಾ? ಕರೆದೋರು ಕೊಡಬೇಕಪ್ಪ."

"ನಲ್ಲಿ ಸೋರಿದ್ರೆ ಬಕೆಟ್ ಇಡಬಹುದು ಅಳಿಯಂದ್ರೇ," ಎಂದಳು ಅಮ್ಮ.

ಫೆಬ್ರವರಿ ೬, ಗುರುವಾರ

ಒಬ್ಬ ಮಹಾನುಭಾವ ಫೋನ್ ಮಾಡಿ, ಪಕ್ಕದ ಮನೆಯ ಗಿಳಿ ತನ್ನನ್ನು ಹೆಸರು ಹಿಡಿದು ಬೈಯುತ್ತದೆ, ಕೂಡಲೇ ಬಂದು ವಿಚಾರಿಸಿ ಎಂದ. ಗಿಳಿಯನ್ನು ಠಾಣೆಗೆ ಕರೆಸಬೇಕೋ ಅದರ ಯಜಮಾನನನ್ನೋ ಎಂದು ಕೇಳಿದೆ. "ಇಬ್ಬರನ್ನೂ" ಎಂದ. ಅವನಿಗೆ ಕೆಂಪು ಚುಕ್ಕೆ ಇರಲಿಲ್ಲ ನೋಡಿ, ಎರಡೂ ಗಾಡಿ ಬಾಕಿ.

ಕೆಂಪು ಚುಕ್ಕೆ ಇದ್ದದ್ದು ಒಬ್ಬ ಅಜ್ಜನಿಗೆ. ತಾರಸಿಯ ಮೇಲೆ ಯಾರೋ ನಡೆದಾಡುತ್ತಿದ್ದಾರೆ ಎಂದರು. ಅವರ ಹಲ್ಲುಸೆಟ್ಟು ಕಟಕಟ ಅನ್ನುತ್ತಿತ್ತು. ಆ ಮಾತು ನನ್ನ ಬಾಯಿಗೆ ಬರಲಿಲ್ಲ, ಬರಿಸಿಕೊಳ್ಳಲೂ ಇಲ್ಲ. ಗಾಡಿ ಕಳಿಸಿದೆ. ತಾರಸಿಯಲ್ಲಿ ಇದ್ದದ್ದು ಬಿಚ್ಚಿಕೊಂಡ ತಗಡು. ಇರಲಿ. ಅಜ್ಜ ನಿದ್ದೆ ಮಾಡಿದರಲ್ಲ.

ಫೆಬ್ರವರಿ ೧೯, ಬುಧವಾರ

ಬೆಳಗ್ಗೆ ಹನ್ನೊಂದಕ್ಕೆ ಹೊಲಿಗೆಯವಳ ಕರೆ. ಹೆಸರು ಪರದೆಯಲ್ಲಿ ಬರುತ್ತದೆ, ಆದರೆ ನನಗೆ ಅವಳು ಹೊಲಿಗೆಯವಳೇ. ಮಾರುಕಟ್ಟೆ ಹಿಂದಿನ ಕಟ್ಟಡ, ಮೂರನೇ ಮಹಡಿ, ಬಾಡಿಗೆ ಮನೆ. ಜನವರಿಯಲ್ಲಿ ಎರಡು ಸಲ ಮಾಡಿದ್ದಳು, ಎರಡೂ ನನಗೇ ಬಿದ್ದಿದ್ದವು. ಗಂಡನನ್ನು ಕೋರ್ಟು ದೂರ ಇರು ಎಂದಿದೆ, ಅವನು ಇರುವುದಿಲ್ಲ.

"ಮೇಡಂ, ಬಾಗಿಲು ಒದೀತಿದಾನೆ."

ಕೆಂಪು ಚುಕ್ಕೆ ಇತ್ತು. ನಾನು ಅದರ ಕಡೆ ನೋಡಲೇ ಇಲ್ಲ. "ಗಾಡಿ ಹೊರಟಿದೆ. ಒಳಗಿನ ಕೋಣೆಗೆ ಹೋಗಿ ಚಿಲಕ ಹಾಕ್ಕೊಳ್ಳಿ. ಫೋನ್ ಇಡಬೇಡಿ, ನನ್ನ ಜೊತೆ ಮಾತಾಡ್ತಿರಿ."

"ಏನು ಮಾತಾಡ್ಲಿ?"

"ಈಗ ಏನು ಹೊಲೀತಿದ್ರಿ?"

"ಶಾಲೆ ಯೂನಿಫಾರ್ಮು. ಇನ್ನೂ ನಲವತ್ತು ಕಾಲರ್ ಬಾಕಿ."

"ಕಾಲರ್ ಹೇಗೆ ಹೊಲೀತಾರೆ ಹೇಳಿ. ನನಗೆ ಗುಂಡಿ ಹಾಕೋಕೂ ಬರಲ್ಲ."

ಹೇಳಿದಳು. ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ಜೋಡಿಸುವುದು, ಮೂರು ಕಡೆ ಹೊಲಿಗೆ ಓಡಿಸುವುದು, ತುದಿ ಕತ್ತರಿಸಿ ತಿರುಗಿಸುವುದು. ನಡುನಡುವೆ ಬಾಗಿಲಿನ ಸದ್ದು. ಒಂಬತ್ತು ನಿಮಿಷ. ಕೊನೆಗೆ "ಬಂದ್ರು ಮೇಡಂ" ಎಂದಳು. ಆಮೇಲೂ ಇಡಲಿಲ್ಲ. "ತುದಿ ಕತ್ತರಿಸೋದು ಮಾತ್ರ ಮರೀಬೇಡಿ. ಇಲ್ಲಾಂದ್ರೆ ಚೂಪು ಬರಲ್ಲ."

ಇಡೀ ದಿನ ನನಗೆ ಹಗುರ. ಈ ಕೆಲಸ ಯಾಕೆ ಹಿಡಿದೆ ಎಂದು ಕೆಲವು ದಿನ ಮಾತ್ರ ಗೊತ್ತಾಗುತ್ತದೆ.

ಮಾರ್ಚ್ ೪, ಮಂಗಳವಾರ

ಅಡಿಗೆರೆ ಒಳಗೆ ಕರೆದರು. ಮೇಜಿನ ಮೇಲೆ ನನ್ನ ಕರೆಗಳ ಪಟ್ಟಿ. ಕೆಂಪು ಚುಕ್ಕೆಯ ಹದಿನಾಲ್ಕು ಕರೆಗಳಲ್ಲಿ ಹನ್ನೊಂದಕ್ಕೆ ನಾನು ಆ ಮಾತು ಹೇಳಿಲ್ಲ. ಹೇಳಿದ ಮೂರರಲ್ಲೂ ತೊದಲಿದ್ದೇನೆ. ಹೊಲಿಗೆಯವಳ ರೆಕಾರ್ಡನ್ನು ಪೂರ್ತಿ ಹಾಕಿ ಕೇಳಿಸಿದರು. ಒಂಬತ್ತು ನಿಮಿಷವೂ ನನ್ನ ಮುಖ ನೋಡುತ್ತಾ ಕೂತರು.

"ಇದು ಹೊಲಿಗೆ ಕ್ಲಾಸಾ?"

ಪಟ್ಟಿಯನ್ನು ನನ್ನ ಕಡೆ ತಿರುಗಿಸಿದರು.

"ಆ ಮನೆ ಮಾಲೀಕರು ಬಿಲ್ ತಗೊಂಡು ಬಂದು ನನ್ನ ಎದುರೇ ಕೂಗಾಡಿದ್ರು. ಮೊದಲೇ ಹೇಳಿದ್ರೆ ಅವಳು ಬೇಡ ಅಂತಿದ್ಲು, ನಿಮ್ಮವರು ಹೇಳೇ ಇಲ್ಲ ಅಂತ. ಅವರು ಹೇಳೋದು ತಪ್ಪಾ?"

"ಬೇಡ ಅಂದಿದ್ರೆ ಅವನು ಬಾಗಿಲು ಮುರೀತಿದ್ದ ಸರ್."

"ಅದು ಅವರ ತೀರ್ಮಾನ. ನಿಮ್ಮದಲ್ಲ." ಎರಡು ಗೆರೆ ಎಳೆದರು. "ಜೂನ್‌ನಲ್ಲಿ ಗುತ್ತಿಗೆ ನವೀಕರಣ. ಹನ್ನೆರಡು ಕುರ್ಚಿ ಒಂಬತ್ತಾಗುತ್ತೆ. ನಿಮ್ಮ ಮೇಲೆ ನನಗೆ ಗೌರವ ಇದೆ, ಅದಕ್ಕೇ ಕರೆದು ಹೇಳ್ತಿದೀನಿ."

ಗೌರವ ಅಂತೆ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತೆ. ಇವರಿಗೆ ಸೊಂಟ ಹಿಡಿದು ಎರಡು ತಿಂಗಳಾಯಿತು, ಬಗ್ಗಿ ಪೈಪು ಬಿಚ್ಚುವ ಹಾಗಿಲ್ಲ. ಮನೆ ಈಗ ನಿಂತಿರುವುದು ನನ್ನ ಕಿವಿಯ ಮೇಲೆ. ಇವರಿಗೆ ಹೇಳಿದಾಗ, "ಒಂದು ಮಾತು ತಾನೇ, ಹೇಳಿಬಿಡು. ನಾಲಿಗೆ ಸವೆಯುತ್ತಾ?" ಎಂದರು.

ಥೂ.

ಮಾರ್ಚ್ ೧೨, ಬುಧವಾರ

ಇವತ್ತು ತೊದಲದೆ ಹೇಳಿದೆ. ಮೊದಲು ಒಬ್ಬ ಅಂಗಡಿಯವನಿಗೆ. ಬಾಗಿಲಲ್ಲಿ ಇಬ್ಬರು ಬಾಟಲಿ ಹಿಡಿದು ಹೊಡೆದಾಡುತ್ತಿದ್ದರು. ಅವನು ನನ್ನ ಹೆತ್ತವರನ್ನೆಲ್ಲ ನೆನೆದು, ಕೊನೆಗೆ "ಕಳಿಸಮ್ಮಾ, ಕಳಿಸು" ಎಂದ.

ಮಧ್ಯಾಹ್ನ ಹೊಲಿಗೆಯವಳು. ಆದಷ್ಟು ಮೆತ್ತಗೆ ಹೇಳಿದೆ, ಕೂಸಿಗೆ ಔಷಧಿ ಕುಡಿಸುವ ಹಾಗೆ. "ಇನ್ನೊಂದು ಬಿಲ್ ಬಂದ್ರೆ ಮನೆ ಖಾಲಿ ಮಾಡಿ ಅಂದಿದಾರೆ ಓನರ್ರು" ಎಂದಳು. ಹಿಂದೆ ಗಂಡಸಿನ ಕೂಗು. "ನೀವೇ ಹೇಳಿ ಮೇಡಂ. ಕಳಿಸೋದು ಒಳ್ಳೇದಾ?"

ಕಳಿಸೋದು ಒಳ್ಳೇದು. ಅಷ್ಟೇ ಹೇಳಬೇಕಿತ್ತು. ರೆಕಾರ್ಡ್ ಆಗುತ್ತಿತ್ತು. "ಅದನ್ನ ನಾನು ಹೇಳೋ ಹಾಗಿಲ್ಲ" ಎಂದೆ.

"ಹೌದಾ..." ಎಂದಳು, ನನಗೇ ಏನೋ ಆಗಿದೆಯೇನೋ ಅನ್ನುವ ಹಾಗೆ. "ಹಾಗಾದ್ರೆ ಬಿಡಿ ಮೇಡಂ. ಕೂಗಿ ಕೂಗಿ ಸುಸ್ತಾಗಿದಾನೆ, ಹೋಗ್ತಾನೆ."

ಪರದೆಯಲ್ಲಿ 'ಕರೆದವರೇ ಹಿಂಪಡೆದರು' ಎಂದು ಒತ್ತಬೇಕು. ಒತ್ತಿದೆ. ಊಟ ಸೇರಲಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿದಳು.

ಮಾರ್ಚ್ ೨೭, ಗುರುವಾರ

ಹದಿನೇಳು ಕೆಂಪು. ಹದಿನೇಳಕ್ಕೂ ಹೇಳಿದೆ. ಗಂಟಲು ಒಣಗಿದೆ. ಬರೆಯುವುದಕ್ಕೆ ಏನಿಲ್ಲ.

ಏಪ್ರಿಲ್ ೧೫, ಮಂಗಳವಾರ

ಒಂದು ವಿಷಯ ಗಮನಿಸಿದೆ. ಮೆತ್ತಗೆ ಹೇಳಿದರೆ ಜನ ಕರಗಿ, ಇದ್ದದ್ದು ಇಲ್ಲದ್ದು ಹೇಳಿ ನನ್ನನ್ನೇ ತೀರ್ಮಾನ ಕೇಳುತ್ತಾರೆ. ಗಟ್ಟಿಯಾಗಿ ಹೇಳಿದರೆ ಜಗಳಕ್ಕೆ ನಿಲ್ಲುತ್ತಾರೆ. ಎರಡೂ ಅಲ್ಲದೆ ರೈಲ್ವೆ ಸ್ಟೇಷನ್ನಿನಲ್ಲಿ ರೈಲು ತಡ ಎಂದು ಹೇಳುವ ಹಾಗೆ ಹೇಳಿದರೆ, ಒಂದೇ ಸಲಕ್ಕೆ ಹೂಂ ಅಥವಾ ಬೇಡ ಬಂದುಬಿಡುತ್ತದೆ. 'ಶುಲ್ಕ' ಎಂದ ಮೇಲೆ ಒಂದು ಕ್ಷಣ ನಿಲ್ಲಿಸಬೇಕು. ಅವರಿಗೂ ಯೋಚಿಸಲು ಸಮಯ ಸಿಗುತ್ತದೆ. ಇದು ಒಂಥರಾ ಮರ್ಯಾದೆಯೇ.

ಪಕ್ಕದ ಕುರ್ಚಿಯವಳು "ಅಕ್ಕಾ, ನೀವು ಹೇಗೆ ಹೇಳ್ತೀರಿ, ತೋರಿಸಿ" ಎಂದಳು. ಇವತ್ತು ಮೂರು ಸಲ ತೋರಿಸಿದೆ.

ಮೇ ೨, ಶುಕ್ರವಾರ

ಗೋಡೆಯ ಮೇಲೆ ಪಟ್ಟಿ ಹಾಕಿದ್ದಾರೆ. ಕರೆ ಹಿಂಪಡೆದವರು ಅತಿ ಹೆಚ್ಚು ಇರುವುದು ನನ್ನ ಕುರ್ಚಿಯಲ್ಲಿ. ಗಾಡಿಗಳು ಉಳಿದಿವೆ, ಡೀಸೆಲ್ ಉಳಿದಿದೆ. ಎಲ್ಲರೆದುರು ಅಡಿಗೆರೆ ನನ್ನ ಹೆಸರಿಗೆ ಗೆರೆ ಎಳೆದರು, ಈ ಸಲ ಹಸಿರು ಪೆನ್ನಿನಲ್ಲಿ. ಹದಿನಾಲ್ಕು ವರ್ಷದಲ್ಲಿ ಒಬ್ಬರೂ ನನ್ನ ಕೆಲಸ ಚೆನ್ನಾಗಿದೆ ಅಂದಿರಲಿಲ್ಲ. ಗಿಳಿಯ ದೂರು ಹೇಳುವಂಥವರು ಕಡಿಮೆಯಾಗಿದ್ದಾರೆ, ಅದು ನಿಜ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇಲ್ಲ ಎಂದು ಇವರು ಹೇಳುವುದರಲ್ಲಿ ತಪ್ಪೇನಿಲ್ಲ.

ಗುತ್ತಿಗೆ ನವೀಕರಣದ ಪಟ್ಟಿಯಲ್ಲಿ ನನ್ನದೇ ಮೊದಲು ಎಂದು ಗುಸುಗುಸು.

ಮೇ ೨೦, ಮಂಗಳವಾರ

ಅಮ್ಮನ ಮೇಲೆ ರೇಗಿಬಿಟ್ಟೆ. ನಾವಿಬ್ಬರೂ ಹೊರಗಿದ್ದಾಗ ಯಾರೋ ಬಂದು ಬಾಗಿಲ ಹಿಡಿ ತಿರುಗಿಸಿ ನೋಡಿದನಂತೆ, ಒಂದಲ್ಲ, ನಾಲ್ಕು ಸಲ. ಅಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತು, ಬಾಯಿಗೆ ದಿಂಬು ಒತ್ತಿಕೊಂಡಿದ್ದಳಂತೆ. ನಾನು ಬಂದು ಬೀಗ ತೆಗೆದರೂ ಎದ್ದಿರಲಿಲ್ಲ.

"ಫೋನ್ ಪಕ್ಕದಲ್ಲೇ ಇತ್ತಲ್ಲಮ್ಮ. ಯಾಕೆ ಮಾಡಲಿಲ್ಲ?"

"ಶುಲ್ಕ ಬೀಳುತ್ತೆ."

"ಅಯ್ಯೋ, ನಮಗೆ ಎರಡು ಗಾಡಿ ಇದೆ. ಒಂದೂ ಬಳಸಿಲ್ಲ. ಎಷ್ಟು ಸಲ ಹೇಳಿದೀನಿ?"

"ನೀನು ಕನ್ನಡಿ ಮುಂದೆ ನಿಂತು ಹೇಳ್ತಿರ್ತೀಯಲ್ಲ, ಅದೊಂದೇ ನನಗೆ ನೆನಪಾಗಿದ್ದು ಪುಟ್ಟಿ."

ಅಭ್ಯಾಸ ಮಾಡುವುದು ತಪ್ಪೇ? ಕೆಲಸದ ಮಾತನ್ನು ಮನೆಯವರು ತಲೆಗೆ ಹಚ್ಚಿಕೊಂಡರೆ ನಾನೇನು ಮಾಡಲಿ? ದೊಡ್ಡದೊಂದು ಚಿಲಕ ಹಾಕಿಸಿದ್ದಾಯಿತು. ಅಮ್ಮ ಊಟ ಮಾಡದೆ ಮಲಗಿದಳು. ವಯಸ್ಸಾದವರ ಹಟ.

ಜೂನ್ ೫, ಗುರುವಾರ

ನವೀಕರಣ ಆಯಿತು. ಮೂರು ಕುರ್ಚಿ ಖಾಲಿ. ಪಕ್ಕದವಳು ಉಳಿದಳು, ನೀವು ಕಲಿಸಿದ್ದಕ್ಕೇ ಉಳಿದೆ ಎಂದು ಕೈ ಹಿಡಿದು ಅತ್ತಳು. ಇವರಿಗೆ ಸೊಂಟದ ಡಾಕ್ಟರ ಹತ್ತಿರ ಮುಂದಿನ ವಾರಕ್ಕೆ ದಿನ ಗೊತ್ತು ಮಾಡಿದೆ. ತಿಂಗಳುಗಟ್ಟಲೆ ಆದ ಮೇಲೆ ಇವರು ಶಿಳ್ಳೆ ಹಾಕಿದ್ದು ಕೇಳಿದೆ.

ಈಗ ಕರೆಯ ಸರಾಸರಿ ಸಮಯವನ್ನೂ ಪಟ್ಟಿಗೆ ಸೇರಿಸಿದ್ದಾರೆ. ಒಂಬತ್ತು ಜನ ಹನ್ನೆರಡು ಜನರ ಫೋನ್ ಎತ್ತಬೇಕಲ್ಲ. ಎರಡು ನಿಮಿಷ ದಾಟಬಾರದು.

ಜೂನ್ ೧೭, ಮಂಗಳವಾರ

ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ. ಮುಂದೆ ಬೇಕಾಗಬಹುದು.

ಮೂರು ಗಂಟೆ ಹತ್ತು ನಿಮಿಷಕ್ಕೆ ಹೊಲಿಗೆಯವಳ ಕರೆ ಬಂತು. ಕೆಂಪು ಚುಕ್ಕೆ. ಹೇಳಬೇಕಾದ್ದನ್ನು ಹೇಳಿದೆ, ತಪ್ಪಿಲ್ಲದೆ. ಅವಳು ಉತ್ತರ ಕೊಡಲಿಲ್ಲ. "ನೀವೇನಾ ಮೇಡಂ?" ಎಂದಳು. "ಕಾಲರ್ ಕೇಳಿದ್ರಲ್ಲ, ಅವರೇನಾ?"

ನನ್ನ ಹಿಂದೆ ಏಳು ಕರೆ ಕಾಯುತ್ತಿದ್ದವು. "ಇಲ್ಲಿ ಎಲ್ಲರೂ ಒಂದೇ. ಗಾಡಿ ಕಳಿಸಬೇಕೇ?"

"ಗಾಡಿ ಬೇಡ. ಮೆಟ್ಟಿಲ ಹತ್ರ ಕೂತಿದಾನೆ. ಕೂಗ್ತಾನೂ ಇಲ್ಲ, ಸುಮ್ಮನೆ ಕೂತಿದಾನೆ. ಇವತ್ತು ಯಾಕೋ ತುಂಬಾ ಹೆದರಿಕೆ ಆಗ್ತಿದೆ. ಅವನು ಹೋಗೋ ತನಕ ನೀವು ಮಾತಾಡ್ತಿರಿ ಸಾಕು. ಅದಕ್ಕೇನೂ ಶುಲ್ಕ ಇಲ್ವಲ್ಲ?"

"ಹಾಗೆ ಲೈನ್ ಹಿಡಿದಿರೋಕೆ ಆಗಲ್ಲಮ್ಮ. ಗಾಡಿ ಬೇಕಿದ್ರೆ ಮತ್ತೆ ಕರೆ ಮಾಡಿ."

ಅವಳು ಏನೋ ಹೇಳುವುದರಲ್ಲಿದ್ದಳು. ಒಂದು ನಿಮಿಷ ನಲವತ್ತು ಸೆಕೆಂಡು ಆಗಿತ್ತು. ಇಟ್ಟೆ. ಹಿಂಪಡೆದರು ಎಂದು ಒತ್ತಿದೆ.

ಮೂರೂವರೆಗೆ ಪಕ್ಕದ ಕುರ್ಚಿಯವಳು ಅದೇ ವಿಳಾಸವನ್ನು ಗಟ್ಟಿಯಾಗಿ ಹೇಳಿದಳು. ಮಾರುಕಟ್ಟೆ ಹಿಂದೆ. ಕೆಳಗಿನ ಮನೆಯವರು ಮಾಡಿದ್ದು. ಹೆಂಗಸು ಮೆಟ್ಟಿಲಿಂದ ಬಿದ್ದಿದ್ದಾಳೆ, ಮೂರನೇ ಮಹಡಿಯಿಂದ ಎರಡರ ತನಕ, ಏಳುತ್ತಿಲ್ಲ, ಗಂಡ ಅಲ್ಲೇ ನಿಂತಿದ್ದಾನೆ ಎಂದರಂತೆ. ಗಾಡಿ, ಆಂಬುಲೆನ್ಸ್ ಎರಡೂ ಹೋದವು.

ನಾನು ಕೂಡಲೇ ನನ್ನ ದಾಖಲೆ ತೆಗೆದು ನೋಡಿದೆ. ಸಮಯ ಸರಿ ಇತ್ತು. ಮಾತು ಸರಿ ಇತ್ತು. ಒತ್ತಿದ್ದೂ ಸರಿ ಇತ್ತು. ಎರಡು ಸಲ ನೋಡಿದೆ.

ಜೂನ್ ೧೮, ಬುಧವಾರ

ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ತೀರಿಕೊಂಡಳಂತೆ. ಗಂಡನನ್ನು ಹಿಡಿದಿದ್ದಾರೆ.

ಜೂನ್ ೨೧, ಶನಿವಾರ

ಪೇಪರಿನಲ್ಲಿ ಬಂದಿದೆ. ಅಮ್ಮ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದಳು.

"ಸಾಯೋಕೆ ಮುಂಚೆ ಫೋನ್ ಮಾಡಿದ್ಲಂತೆ. ನಿಮ್ಮಲ್ಲಿ ಯಾರೋ ಇಟ್ಟುಬಿಟ್ರಂತೆ. ಯಾರೇ ಅದು?"

"ಗೊತ್ತಿಲ್ಲಮ್ಮ. ಒಂಬತ್ತು ಜನ ಇದೀವಿ."

ಅಮ್ಮ ಪೇಪರನ್ನು ಮಡಿಸಿದಳು. ಮತ್ತೆ ಬಿಡಿಸಿ ಮತ್ತೆ ಮಡಿಸಿದಳು. ಆಮೇಲೆ ಚಿಕ್ಕಮ್ಮನ ಮನೆಯಲ್ಲಿ ಹದಿನೈದು ದಿನ ಇದ್ದು ಬರುತ್ತೇನೆ ಎಂದಳು. ಚಿಕ್ಕಮ್ಮನಿಗೂ ಅಮ್ಮನಿಗೂ ಅರ್ಧ ಗಂಟೆ ಸರಿ ಹೋಗುವುದಿಲ್ಲ, ಹದಿನೈದು ದಿನ ಏನು ಮಾಡುತ್ತಾಳೋ. ಇವರು ಬಸ್ ಹತ್ತಿಸಿ ಬಂದರು. ನನಗೆ ಪಾಳಿ ಇತ್ತು.

ಜುಲೈ ೮, ಮಂಗಳವಾರ

ವಿಚಾರಣೆ ಮುಗಿಯಿತು. ಮೂರು ಜನ ಅಧಿಕಾರಿಗಳು, ಉದ್ದ ಮೇಜು, ನಾಲ್ಕು ಗ್ಲಾಸು ನೀರು. ಎರಡೂ ರೆಕಾರ್ಡು ಹಾಕಿದರು, ಫೆಬ್ರವರಿಯದ್ದು ಮತ್ತು ಜೂನಿನದ್ದು. ಮೊದಲನೆಯದನ್ನು ಕೇಳಿ ಒಬ್ಬರು "ಇದರಲ್ಲಿ ನಿಯಮ ಪಾಲನೆ ಆಗಿಲ್ಲ" ಎಂದರು. ಎರಡನೆಯದನ್ನು ಕೇಳಿ "ಇದು ಸರಿಯಾಗಿದೆ" ಎಂದರು. ಗಾಡಿ ಬೇಕೇ ಎಂದು ಎರಡು ಸಲ ಕೇಳಲಾಗಿದೆ, ಕರೆದವರೇ ಬೇಡ ಎಂದಿದ್ದಾರೆ, ಸಿಬ್ಬಂದಿಯ ಕಡೆಯಿಂದ ಲೋಪವಿಲ್ಲ.

ಅಡಿಗೆರೆ ಹೊರಗೆ ಬಂದು, "ನೋಡಿದ್ರಾ? ಆ ಮಾತು ನಿಮ್ಮನ್ನ ಕಾಪಾಡ್ತು" ಎಂದರು. ಹೊಸಬರ ತರಬೇತಿಗೆ ಆ ರೆಕಾರ್ಡನ್ನೇ ಬಳಸುತ್ತಾರಂತೆ, ಹೆಸರು ವಿಳಾಸ ತೆಗೆದು.

ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ಸಂಜೆ ಇವರೂ ನಾನೂ ಹೊರಗೆ ಊಟ ಮಾಡಿದೆವು. ಅಮ್ಮ ಇನ್ನೂ ಬಂದಿಲ್ಲ. ಫೋನ್ ಮಾಡಿದರೆ "ಚೆನ್ನಾಗಿದೀನಿ" ಎಂದು ಇಟ್ಟುಬಿಡುತ್ತಾಳೆ.

ಜುಲೈ ೨೩, ಬುಧವಾರ

ಶುಲ್ಕದ ಕೌಂಟರಿನವರು ರಜೆ ಹಾಕಿದ್ದರಿಂದ ಇವತ್ತು ನನ್ನನ್ನು ಕೆಳಗೆ ಕೂರಿಸಿದ್ದರು. ಫೋನಿಗಿಂತ ಇದು ವಾಸಿ. ಜನ ಕಣ್ಣಿಗೆ ಕಾಣುತ್ತಾರೆ, ಗಾಜಿನ ಆಚೆ ಇರುತ್ತಾರೆ.

ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಒಬ್ಬ ಹೆಂಗಸು ಬಿಲ್ಲು ಹಿಡಿದು ಬಂದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ತೋಳಿನಲ್ಲಿ ದೊಡ್ಡ ಚೀಲ, ಅದರ ಬಾಯಲ್ಲಿ ಅಳತೆ ಟೇಪು ಇಣುಕುತ್ತಿತ್ತು. "ತಂಗಿ ಮನೆ ಖಾಲಿ ಮಾಡೋಕೆ ಬಂದೆ. ಇದನ್ನ ಕಟ್ಟಿದ್ರೇನೇ ಸಾಮಾನು ಕೊಡೋದು ಅಂತಾರೆ ಓನರ್ರು" ಎಂದಳು.

ವಿಳಾಸ ನೋಡಿದೆ. ಜೂನ್ ಹದಿನೇಳರ ಗಾಡಿ ಮತ್ತು ಆಂಬುಲೆನ್ಸು. ಕರೆ ಮಾಡಿದ್ದು ಕೆಳಗಿನ ಮನೆಯವರಾದರೂ ಗಾಡಿ ನಿಂತದ್ದು ಇವಳ ತಂಗಿಗಾಗಿ, ಆದ್ದರಿಂದ ಅವಳ ಮನೆಯ ಲೆಕ್ಕಕ್ಕೇ.

ಆಕೆ ಪರ್ಸು ತೆಗೆದಿದ್ದಳು. ನಾನು ತಡೆದೆ. ಇದು ಬಹಳ ಜನರಿಗೆ ಗೊತ್ತಿಲ್ಲ, ನಾವಾಗಿ ಹೇಳಬೇಕೆಂಬ ನಿಯಮವೂ ಇಲ್ಲ. "ಯಾರಿಗಾಗಿ ಗಾಡಿ ಹೋಯಿತೋ ಅವರು ತೀರಿಕೊಂಡಿದ್ರೆ ಬಿಲ್ ಮನ್ನಾ ಆಗುತ್ತೆ. ಮರಣ ಪ್ರಮಾಣಪತ್ರ ಇದೆಯಾ?" ಎಂದೆ. ಇತ್ತು. ಫಾರಂ ಕೊಟ್ಟೆ, ಎಲ್ಲೆಲ್ಲಿ ರುಜು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದೆ, ನಾನೇ ಎದ್ದು ಹೋಗಿ ಜೆರಾಕ್ಸ್ ಮಾಡಿಸಿಕೊಟ್ಟೆ. ಅಷ್ಟು ದೊಡ್ಡ ಮೊತ್ತ ಒಂದು ಮೊಹರಿನಲ್ಲಿ ಹೋಯಿತು. ಎಷ್ಟೋ ದಿನದ ಮೇಲೆ ಒಬ್ಬರಿಗೆ ಉಪಕಾರ ಮಾಡಿದ ಸಮಾಧಾನ.

ಆಕೆ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡಳು, ಹೋಗಲಿಲ್ಲ.

"ನೀವು ಒಳ್ಳೆಯವರ ಹಾಗೆ ಕಾಣ್ತೀರಿ, ಅದಕ್ಕೆ ಕೇಳ್ತೀನಿ. ಇಲ್ಲಿ ಫೋನ್ ತಗೊಳ್ಳೋರಲ್ಲಿ ಒಬ್ಬರು ಮೇಡಂ ಇದ್ರಂತೆ. ತಂಗಿ ಅವರ ವಿಷಯ ಬಹಳ ಹೇಳ್ತಿದ್ಲು. ಬಾಗಿಲು ಒದೀತಿದ್ರೆ ಕಾಲರ್ ಹೇಗೆ ಹೊಲೀತಾರೆ ಅಂತ ಕೇಳಿದ್ರಂತೆ. ಆವತ್ತು ನಾನು ಹೆದರಲೇ ಇಲ್ಲ ಅಕ್ಕಾ ಅಂತಿದ್ಲು. ಅವರನ್ನ ಒಂದು ಸಲ ನೋಡಿ ಹೋಗೋಣ ಅಂತ. ಇದಾರಾ?"

"ಇಲ್ಲ," ಎಂದೆ. "ಅವರು ಈಗ ಇಲ್ಲಿ ಕೆಲಸ ಮಾಡ್ತಿಲ್ಲ."

"ಬಿಟ್ಟು ಹೋದ್ರಾ?"

"ಹೂಂ. ಕೆಲವು ತಿಂಗಳಾಯ್ತು."

"ಛೆ, ಅವರಿದ್ದಿದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿ, ಗಾಜಿನ ಕಿಂಡಿಯಲ್ಲಿ ಕೈ ತೂರಿಸಿ ನನ್ನ ಬೆರಳುಗಳನ್ನು ಮುಟ್ಟಿ, ಆಕೆ ಹೊರಟುಹೋದಳು.

ಯಾಕೆ ಹಾಗೆ ಹೇಳಿದೆನೋ. ಸುಳ್ಳು ಹೇಳಿದ ಹಾಗೂ ಅನ್ನಿಸಲಿಲ್ಲ. ಸಾಲಿನಲ್ಲಿ ಇನ್ನೂ ಆರು ಜನ ಇದ್ದರು. ಮುಂದಿನವರನ್ನು ಕರೆದೆ.